ಚಳಿಗಾಲಕ್ಕೆ ದಡ ಸೇರಿದ ದೋಣಿಯೊಳಗೆ ಇಲಿ ನುಗ್ಗದಂತೆ

ನೀರು ಹೆಪ್ಪುಗಟ್ಟುವ ಸೀಮೆಗಳಲ್ಲಿ ಚಳಿಗಾಲಕ್ಕೆ ಮುನ್ನ ದೋಣಿಯನ್ನು ದಡಕ್ಕೆ ಎತ್ತಿ, ಎಂಜಿನ್ನಿನೊಳಗಿನ ನೀರನ್ನು ಬಸಿದು, ಹೊದಿಕೆ ಬಿಗಿದು, ನಾಲ್ಕೈದು ತಿಂಗಳು ಅದರ ಕಡೆ ತಲೆ ಹಾಕದೆ ಇರುವುದು ರೂಢಿ. ಹೆಪ್ಪುಗಟ್ಟಿದ ನೀರು ಎಂಜಿನ್ ಬ್ಲಾಕನ್ನೇ ಸೀಳಬಲ್ಲದು ಎಂಬುದು ಎಲ್ಲ ಮಾಲೀಕರಿಗೂ ಗೊತ್ತಿರುತ್ತದೆ. ಅದೇ ಅವಧಿಯಲ್ಲಿ ಒಂದು ಸಣ್ಣ ಇಲಿ ಮಾಡಬಹುದಾದ ಹಾನಿಯ ಅಂದಾಜು ಬಹಳ ಮಂದಿಗೆ ಇರುವುದಿಲ್ಲ. ದೋಣಿ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಅಭಿಪ್ರಾಯವಿಷ್ಟೆ: ಇಲಿಯನ್ನು ತಡೆಯುವ ಕೆಲಸ ದೋಣಿಯ ಹೊರಮೈಯಲ್ಲಿ, ಹೊದಿಕೆ ಹಾಕುವ ಮೊದಲೇ ಮುಗಿಯಬೇಕು. ಒಳಗೆ ಇಡುವ ಗುಳಿಗೆ, ಎಣ್ಣೆ, ಪಾಷಾಣಗಳೆಲ್ಲ ಆಮೇಲಿನ ಮಾತು; ಅವುಗಳಲ್ಲಿ ಹೆಚ್ಚಿನವು ಬೇಡವೇ ಬೇಡ.

ಇಲಿಗೆ ದೋಣಿಯಲ್ಲಿ ತಿನ್ನಲು ಏನೂ ಇಲ್ಲವಲ್ಲ ಎಂದು ನಿಶ್ಚಿಂತರಾಗಿರುವವರಿದ್ದಾರೆ. ಇಲಿ ಅಲ್ಲಿಗೆ ಬರುವುದು ಮುಖ್ಯವಾಗಿ ಗೂಡಿಗಾಗಿ. ಗಾಳಿ ಮಳೆಗಳಿಂದ ಮರೆ, ಬೆಕ್ಕು ಗೂಬೆಗಳಿಂದ ರಕ್ಷಣೆ, ಹರಿದು ಹಾಸಿಕೊಳ್ಳಲು ಮೆತ್ತೆಯ ಸ್ಪಂಜು, ಹಗ್ಗ, ಹಾಯಿಬಟ್ಟೆ, ಕಾಗದ, ಇಷ್ಟು ಸಿಕ್ಕರೆ ಅದು ಊಟಕ್ಕೆ ಹೊರಗೆ ಹೋಗಿ ಬಂದು ಮಾಡಿಕೊಳ್ಳುತ್ತದೆ. ಮನೆಯಿಲಿಯ ಗರ್ಭಾವಧಿ ಸುಮಾರು 3 ವಾರ. ಒಂದು ಸೂಲಿಗೆ ಸಾಮಾನ್ಯವಾಗಿ 5–6 ಮರಿಗಳು. ಬೆಚ್ಚನೆಯ ಗೂಡೂ ಹತ್ತಿರದಲ್ಲೇ ಆಹಾರವೂ ಇದ್ದರೆ ಅದು ಚಳಿಗಾಲದಲ್ಲೂ ಮರಿ ಹಾಕುತ್ತದೆ. ಹಾಗಾಗಿ ಶರತ್ಕಾಲದಲ್ಲಿ ಒಳಸೇರಿದ ಒಂದು ಜೋಡಿ ವಸಂತದ ಹೊತ್ತಿಗೆ ಒಂದು ಜೋಡಿಯಾಗಿಯೇ ಉಳಿದಿರುತ್ತದೆ ಎಂದು ನಂಬಬೇಕಾಗಿಲ್ಲ.

ಹರಿದ ಮೆತ್ತೆ, ಮೂತ್ರದ ವಾಸನೆ ಕಣ್ಣಿಗೆ ಮೂಗಿಗೆ ತಾಗುವ ನಷ್ಟಗಳು. ನನ್ನನ್ನು ಚಿಂತೆಗೀಡುಮಾಡುವುದು ಕಾಣದ ನಷ್ಟ. ಇಲಿಯ ಬಾಚಿಹಲ್ಲುಗಳು ಜೀವನವಿಡೀ ಬೆಳೆಯುತ್ತಲೇ ಇರುವುದರಿಂದ ಅದು ಕಡಿಯುತ್ತಲೇ ಇರಬೇಕು, ಮತ್ತು ಅದಕ್ಕೆ ವಿದ್ಯುತ್ ತಂತಿಯ ಹೊದಿಕೆಯೂ ರಬ್ಬರ್ ಕೊಳವೆಯೂ ಒಂದೇ. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿಗೆ, ನೀರೇರಿದಾಗ ತೇಲಿ ಅದನ್ನು ಚಾಲೂ ಮಾಡುವ ಫ್ಲೋಟ್ ಸ್ವಿಚ್ ಇರುತ್ತದೆ; ಆ ಸ್ವಿಚ್ಚಿಗೆ ಹೋಗುವ ತಂತಿ ತುಂಡಾಗಿದ್ದರೆ, ದೋಣಿಯ ತಳದಲ್ಲಿ ನೀರು ಸೇರುತ್ತಿದ್ದರೂ ಪಂಪು ತಾನಾಗಿ ಚಾಲೂ ಆಗುವುದಿಲ್ಲ. ಪೆಟ್ರೋಲ್ ಕೊಳವೆಯಲ್ಲಿ ಹಲ್ಲಿನ ಗಾಯವಾಗಿದ್ದರೆ, ಗಾಳಿಗಿಂತ ಭಾರವಾದ ಪೆಟ್ರೋಲ್ ಆವಿ ತಳಭಾಗದಲ್ಲಿ ಶೇಖರವಾಗಿ ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಹಿಂಬದಿಯ ಡ್ರೈವ್ ಇರುವ ದೋಣಿಗಳಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಇರುವ ರಬ್ಬರ್ ಬೆಲ್ಲೋಸ್ (ನೀರು ಒಳಬಾರದಂತೆ ತಡೆಯುವ ಮಡಿಕೆಮಡಿಕೆಯ ಕವಚ) ತೂತಾಗಿದ್ದರೆ ದೋಣಿ ಕಟ್ಟಿದಲ್ಲಿಯೇ ಮುಳುಗಬಹುದು.

ಇನ್ನು ದಾರಿಗಳ ವಿಚಾರ. ಸುಮಾರು 6 ಮಿಲಿಮೀಟರ್ ಸಂದು, ಅಂದರೆ ಒಂದು ಪೆನ್ಸಿಲ್ ತೂರುವಷ್ಟು ಜಾಗ, ಎಳೆಯ ಇಲಿಗೆ ಸಾಕು. ಆದ್ದರಿಂದ ಒಂದು ಪೆನ್ಸಿಲ್ ಹಿಡಿದು ದೋಣಿಯ ಸುತ್ತ ಬಂದು, ಅದು ಎಲ್ಲೆಲ್ಲಿ ತೂರುತ್ತದೆಯೋ ಅಲ್ಲೆಲ್ಲ ಬಾಗಿಲು ತೆರೆದಿದೆ ಎಂದೇ ಲೆಕ್ಕ ಹಾಕಬೇಕು. ಎಕ್ಸಾಸ್ಟ್ ಬಾಯಿ, ಬಿಲ್ಜ್ ಪಂಪಿನ ನೀರು ಹೊರಬೀಳುವ ರಂಧ್ರ, ಎಂಜಿನ್ ಕೋಣೆಯ ಗಾಳಿಕಿಂಡಿಗಳು, ಲಂಗರಿನ ಸರಪಳಿ ಇಳಿಯುವ ಕೊಳವೆ, ನಿಂತು ನಡೆಸುವ ಜಾಗದ ನೀರು ಹರಿಯುವ ತೂತುಗಳು, ಸ್ಟಿಯರಿಂಗ್ ಕೇಬಲ್ ಹಾಯುವ ಸಂದು, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಮುಚ್ಚಳದ ಕೆಳಗಿನ ಗಾಳಿ ಎಳೆಯುವ ಬಾಯಿ, ಇವು ಬಹುತೇಕ ದೋಣಿಗಳಲ್ಲಿ ಇರುವಂಥವು. ಎಲ್ಲರೂ ಮರೆಯುವುದು ಡ್ರೈನ್ ಪ್ಲಗ್ಗಿನ ತೂತು. ಮಳೆ ಮತ್ತು ಕರಗಿದ ಹಿಮದ ನೀರು ಒಳಗೆ ನಿಂತು ಹೆಪ್ಪುಗಟ್ಟದಿರಲಿ ಎಂದು ಚಳಿಗಾಲದಲ್ಲಿ ಆ ಪ್ಲಗ್ಗನ್ನು ಬಿಚ್ಚಿಡುತ್ತೇವೆ, ಅದು ಸರಿಯಾದ ಕ್ರಮವೂ ಹೌದು. ಆದರೆ ಹಾಗೆ ಮಾಡಿದಾಗ ದೋಣಿಯ ಅತ್ಯಂತ ತಗ್ಗಿನ ಜಾಗದಲ್ಲಿ ಹೆಬ್ಬೆರಳಿನಷ್ಟು ಅಗಲದ ದ್ವಾರವೊಂದನ್ನು ಇಡೀ ಋತು ತೆರೆದಿಟ್ಟಂತಾಗುತ್ತದೆ.

ಈ ಕೆಲಸದ ನಿಜವಾದ ಕಷ್ಟ ಇರುವುದು ಇಲ್ಲಿಯೇ. ಎಲ್ಲವನ್ನೂ ಗಟ್ಟಿಯಾಗಿ ಮುಚ್ಚಿದರೆ ಇಲಿ ಬರುವುದಿಲ್ಲ ನಿಜ, ಆದರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ. ಆದ್ದರಿಂದ ರಂಧ್ರಗಳನ್ನು ಎರಡು ಬಗೆಯಾಗಿ ವಿಂಗಡಿಸಿಕೊಳ್ಳಬೇಕು. ಗಾಳಿ ಅಥವಾ ನೀರು ಹಾಯಲೇಬೇಕಾದವುಗಳಿಗೆ 6 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ತಂತಿ ಜಾಲರಿಯನ್ನು ಅಂಚು ಸಡಿಲವಾಗದಂತೆ ಬಿಗಿಯಬೇಕು. ಡ್ರೈನ್ ತೂತು ಮತ್ತು ಗಾಳಿಕಿಂಡಿಗಳು ಈ ಗುಂಪಿಗೆ ಸೇರುತ್ತವೆ. ಎಕ್ಸಾಸ್ಟ್ ಬಾಯಿಯಂಥವನ್ನು ಪೂರ್ತಿ ಮುಚ್ಚಬಹುದು. ಸಂದುಗಳಿಗೆ ತುರುಕಲು ತಾಮ್ರದ ತಂತಿಬಲೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ನಾರನ್ನೇ ಬಳಸಿ. ಮನೆಗೋಡೆಯ ಬಿಲಕ್ಕೆ ಸಾಮಾನ್ಯ ಉಕ್ಕಿನ ನಾರು ನಡೆಯುತ್ತದೆ. ದೋಣಿಯಲ್ಲಿ ಅದು ತೇವಕ್ಕೆ ತುಕ್ಕು ಹಿಡಿದು, ಹೊರಮೈಯ ಜೆಲ್‌ಕೋಟ್ ಎಂಬ ಬಿಳಿಯ ಲೇಪದ ಮೇಲೆ ಸುಲಭವಾಗಿ ಹೋಗದ ಕಂದು ಕಲೆ ಬಿಡುತ್ತದೆ. ಉಬ್ಬುವ ಫೋಮನ್ನು ಮಾತ್ರ ನಂಬಬೇಡಿ, ಇಲಿ ಅದನ್ನು ನಿರಾಯಾಸವಾಗಿ ಕೊರೆಯುತ್ತದೆ. ಮುಚ್ಚಿದ ಪ್ರತಿಯೊಂದು ಬಾಯಿಯನ್ನೂ ಒಂದು ಚೀಟಿಯಲ್ಲಿ ಬರೆದು, ಆ ಚೀಟಿಯನ್ನು ಎಂಜಿನ್ ಕೀಲಿಗೇ ಕಟ್ಟಿಡಬೇಕು. ಎಕ್ಸಾಸ್ಟ್ ಮುಚ್ಚಿರುವಾಗಲೇ ಎಂಜಿನ್ ಚಾಲೂ ಮಾಡುವ ಅಪಾಯವನ್ನು ಇದಕ್ಕಿಂತ ಅಗ್ಗವಾಗಿ ತಪ್ಪಿಸಲಾಗದು.

ಹೊರಮೈಯಷ್ಟೇ ಮುಖ್ಯವಾದದ್ದು ಅಲ್ಲಿಗೆ ಏರುವ ಹಾದಿ. ಇಲಿ ಒರಟಾದ ಕಂಬ, ಹಗ್ಗ, ಕೇಬಲ್‌ಗಳನ್ನು ಸಲೀಸಾಗಿ ಹತ್ತುತ್ತದೆ, ನಿಂತಲ್ಲಿಂದ ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ನೆಗೆಯುತ್ತದೆ. ಒರಗಿಸಿಟ್ಟ ಏಣಿಯನ್ನು ತೆಗೆಯಿರಿ. ದಡದ ವಿದ್ಯುತ್ ಕೇಬಲ್ಲನ್ನು ಬಿಚ್ಚಿ ಸುತ್ತಿಡಿ. ಹೊದಿಕೆಯ ಅಂಚಾಗಲಿ ಅದನ್ನು ಬಿಗಿದ ಹಗ್ಗದ ತುದಿಯಾಗಲಿ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ದೋಣಿ ನಿಂತಿರುವ ಆಧಾರಗಳಿಗೆ ನುಣುಪಾದ ತಗಡಿನ ಪಟ್ಟಿಯನ್ನು ಅಗಲವಾಗಿ ಸುತ್ತಿದರೆ ಕಾಲೂರಲು ಹಿಡಿತ ಸಿಗುವುದಿಲ್ಲ. ಬಂದರುಗಳಲ್ಲಿ ಹಡಗಿನ ಹಗ್ಗಗಳಿಗೆ ದುಂಡನೆಯ ತಗಡಿನ ತಟ್ಟೆ ಸಿಕ್ಕಿಸುವುದು ಇದೇ ತತ್ತ್ವದ ಮೇಲೆ. ಟ್ರೇಲರಿನ ಮೇಲಿರುವ ದೋಣಿಗೆ ಈ ಉಪಾಯ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಟೈರುಗಳೇ ಏಣಿಯಾಗುತ್ತವೆ. ಅಲ್ಲಿ ರಂಧ್ರ ಮುಚ್ಚುವ ಕೆಲಸವನ್ನೇ ಇನ್ನಷ್ಟು ಶ್ರದ್ಧೆಯಿಂದ ಮಾಡಬೇಕು. ಸುತ್ತಲಿನ ಹುಲ್ಲು ಕತ್ತರಿಸಿ, ಸೌದೆಯ ರಾಶಿಯನ್ನು ದೂರ ಸರಿಸಿದರೆ ಇಲಿಗೆ ದೋಣಿಯ ಬುಡದವರೆಗೆ ಅಡಗಿಕೊಂಡು ಬರುವ ಅನುಕೂಲ ತಪ್ಪುತ್ತದೆ.

ಒಳಗಿನಿಂದ ಆಹಾರವನ್ನೆಲ್ಲ ತೆಗೆಯಬೇಕೆಂದು ಹೇಳಬೇಕಾಗಿಲ್ಲ. ಸಾಬೂನು, ಮೇಣದಬತ್ತಿ, ಕಾಗದದ ಕರವಸ್ತ್ರಗಳನ್ನೂ ತೆಗೆಯಬೇಕೆಂಬುದು ಹಲವರಿಗೆ ಹೊಳೆಯುವುದಿಲ್ಲ. ಮೆತ್ತೆಗಳನ್ನೂ ಹಾಯಿಗಳನ್ನೂ ಮನೆಗೆ ಒಯ್ಯಿರಿ, ಲೈಫ್ ಜಾಕೆಟ್‌ಗಳನ್ನಂತೂ ಖಂಡಿತ ಒಯ್ಯಿರಿ: ಅವುಗಳ ಹೊಲಿಗೆಯ ಬದಿಯ ಒಂದು ಸಣ್ಣ ತೂತಿನ ಹಿಂದೆ ಅರ್ಧ ಸ್ಪಂಜು ಖಾಲಿಯಾಗಿದ್ದರೂ ಮೇಲ್ನೋಟಕ್ಕೆ ತಿಳಿಯದು.

ವಾಸನೆಯ ಮದ್ದುಗಳ ಬಗ್ಗೆ ನನಗೆ ವಿಶ್ವಾಸವಿಲ್ಲ. ಪುದೀನ ಎಣ್ಣೆ ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ನುಸಿಗುಳಿಗೆಯ ಆವಿ ಇಲಿಯನ್ನು ಓಡಿಸುವುದಕ್ಕಿಂತ ಹೆಚ್ಚಾಗಿ ಸ್ಪಂಜು ಬಟ್ಟೆಗಳಲ್ಲಿ ನೆಲೆಸುತ್ತದೆ; ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವುದು ಮನುಷ್ಯರಿಗೂ ಹಾನಿಕರ. ಮನುಷ್ಯರಿಗೆ ಕೇಳಿಸದ ಶಬ್ದ ಹೊರಡಿಸುವ ಯಂತ್ರಗಳ ವಿಚಾರದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ 60ಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ, ವೈಜ್ಞಾನಿಕ ಆಧಾರವಿಲ್ಲದೆ ಪರಿಣಾಮದ ಬಗ್ಗೆ ಪ್ರಚಾರ ಮಾಡಬಾರದೆಂದು ಎಚ್ಚರಿಕೆ ಕೊಟ್ಟಿತ್ತು. ಇಲಿ ಪಾಷಾಣವನ್ನು ದೋಣಿಯೊಳಗೆ ಇಡುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಪಾಷಾಣ ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಅದು ನೆಲದ ಹಲಗೆಯಡಿ ಕೈ ತಲುಪದ ಮೂಲೆಗೆ ಸೇರಿ ಅಲ್ಲಿಯೇ ಕೊಳೆಯುತ್ತದೆ. ಹೊರಗೆ ಸತ್ತರೆ ಅದನ್ನು ತಿಂದ ಗೂಬೆಗೋ ಬೆಕ್ಕಿಗೋ ವಿಷವೇರುತ್ತದೆ. ಸ್ಪ್ರಿಂಗ್ ಬಡಿದು ಇಲಿಯನ್ನು ಕೊಲ್ಲುವ ಬೋನು ಇದಕ್ಕಿಂತ ಮೇಲು. ಗೋಡೆಗೆ ಅಡ್ಡಲಾಗಿ, ಆಮಿಷದ ತುದಿ ಗೋಡೆಯ ಕಡೆಗಿರುವಂತೆ ಅದನ್ನು ಇಡಬೇಕು. ಗೂಡು ಕಟ್ಟುವ ಕಾಲದಲ್ಲಿ ಹತ್ತಿಯ ಎಳೆಯೂ ಒಳ್ಳೆಯ ಆಮಿಷವೇ. ಆದರೆ ವಾರಕ್ಕೊಮ್ಮೆಯಾದರೂ ಬಂದು ನೋಡುವವರಿಲ್ಲದಿದ್ದರೆ ಬೋನು ಇಡುವುದರಲ್ಲಿ ಅರ್ಥವಿಲ್ಲ.

ಇಷ್ಟೆಲ್ಲ ಮಾಡಿದರೂ ವಸಂತದಲ್ಲಿ ಹೊದಿಕೆ ತೆಗೆದಾಗ ಹಿಕ್ಕೆ ಕಂಡರೆ, ಪೊರಕೆಯನ್ನಾಗಲಿ ವ್ಯಾಕ್ಯೂಮ್ ಕ್ಲೀನರನ್ನಾಗಲಿ ಮುಟ್ಟಬೇಡಿ. ಒಣಗಿದ ಹಿಕ್ಕೆಯ ಧೂಳಿನಿಂದ ಹಂಟಾವೈರಸ್‌ನಂಥ ಸೋಂಕು ಉಸಿರಿನ ಮೂಲಕ ತಗುಲಬಹುದು. ಬಾಗಿಲು ಕಿಟಕಿಗಳನ್ನು ತೆರೆದು ಅರ್ಧ ಗಂಟೆ ದೂರವಿದ್ದು, ಬಳಿಕ ಕೈಗವಸು ಹಾಕಿಕೊಂಡು, 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿದ ದ್ರಾವಣವನ್ನು ಹಿಕ್ಕೆ ಮತ್ತು ಗೂಡು ಪೂರ್ತಿ ನೆನೆಯುವಂತೆ ಸಿಂಪಡಿಸಿ, 5 ನಿಮಿಷ ಬಿಟ್ಟು ಕಾಗದದಿಂದ ಒರೆಸಿ ತೆಗೆಯಬೇಕು. ಆಮೇಲೆ ಕೀಲಿಯ ಚೀಟಿ ನೋಡಿ ಮುಚ್ಚಿದ್ದನ್ನೆಲ್ಲ ಬಿಚ್ಚಿ, ಡ್ರೈನ್ ಪ್ಲಗ್ಗನ್ನು ತಿರುಗಿಸಿ ಕೂರಿಸಿ, ಪೆಟ್ರೋಲ್ ಕೊಳವೆಗಳ ಉದ್ದಕ್ಕೂ ಬೆರಳಾಡಿಸಿ, ಬೆಲ್ಲೋಸ್‌ನ ಮಡಿಕೆಗಳನ್ನು ಬಿಡಿಸಿ ನೋಡಿ, ಫ್ಲೋಟ್ ಸ್ವಿಚ್ಚನ್ನು ಕೈಯಿಂದ ಎತ್ತಿ ಪಂಪು ಚಾಲೂ ಆಗುವುದನ್ನು ಕಿವಿಯಾರೆ ಕೇಳಿದ ನಂತರವೇ ದೋಣಿಯನ್ನು ನೀರಿಗೆ ಇಳಿಸಬೇಕು.