ಕೌನ್ಸೆಲರ್ ಒಳ್ಳೆಯವರೇ, ಆದರೆ ಏನೂ ಬದಲಾಗುತ್ತಿಲ್ಲ: ಬಿಡಲೋ, ಮುಂದುವರಿಸಲೋ?

ಓದುಗರ ಪ್ರಶ್ನೆ: ಕೆಲವು ತಿಂಗಳಿಂದ ನಿದ್ದೆ ಸರಿಯಿಲ್ಲ. ಸಣ್ಣ ವಿಷಯಕ್ಕೂ ಎದೆ ಹೊಡೆದುಕೊಳ್ಳುತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಧೈರ್ಯ ಮಾಡಿ ಒಬ್ಬರು ಕೌನ್ಸೆಲರ್ ಹತ್ತಿರ ಮೂರು ಸಲ ಹೋದೆ. ಅವರು ಒಳ್ಳೆಯವರು, ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾರೆ. ಆದರೆ ಹೊರಗೆ ಬಂದಮೇಲೆ ಏನೂ ಬದಲಾದ ಹಾಗೆ ಅನ್ನಿಸುವುದಿಲ್ಲ. ಮುಂದುವರಿಸಲೋ, ಬೇರೆಯವರನ್ನು ಹುಡುಕಲೋ? ನನಗೆ ಸರಿಹೊಂದುವವರು ಇವರೇ ಎಂದು ತಿಳಿಯುವುದು ಹೇಗೆ?

ಉತ್ತರ: ಮೂರು ಭೇಟಿಗೇ ಬಿಡಬೇಡಿ. ಸುಮ್ಮನೆ ಮುಂದುವರಿಸಲೂ ಬೇಡಿ. ಇಲ್ಲಿಗೆ ಬರೆದ ಮಾತನ್ನೇ ಮುಂದಿನ ಭೇಟಿಯಲ್ಲಿ ಅವರೆದುರು ಹೇಳಿ: ‘ನೀವು ಕೇಳಿಸಿಕೊಳ್ಳುವ ರೀತಿ ನನಗೆ ಹಿಡಿಸಿದೆ, ಆದರೆ ಇಲ್ಲಿಂದ ಹೋದಮೇಲೆ ಏನೂ ಬದಲಾಗುತ್ತಿಲ್ಲ.’ ಅದನ್ನು ಕೇಳಿ ಅವರು ಏನು ಹೇಳುತ್ತಾರೆ, ಆಮೇಲೆ ಏನು ಮಾಡುತ್ತಾರೆ ಎನ್ನುವುದರಿಂದ ತಿಳಿಯುವಷ್ಟು ಅವರ ಪದವಿಯಿಂದಾಗಲಿ ಪರಿಚಯದವರ ಶಿಫಾರಸಿನಿಂದಾಗಲಿ ತಿಳಿಯುವುದಿಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣಗಳಿವೆ. ಅದಕ್ಕೆ ಮೊದಲು ನಿಮ್ಮ ಪತ್ರದಲ್ಲಿರುವ ಇನ್ನೊಂದು ವಿಷಯ.

ನಿದ್ದೆ ಕೆಡುವುದು, ಎದೆಬಡಿತ ಏರುವುದು ಆತಂಕದಲ್ಲಿ ಸಾಮಾನ್ಯ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವಾಗಲೂ ಇವೇ ಲಕ್ಷಣಗಳು ಕಾಣುತ್ತವೆ. ರಕ್ತಹೀನತೆಯಿದ್ದರೂ ಎದೆ ಹೊಡೆದುಕೊಳ್ಳುತ್ತದೆ, ಸುಸ್ತಿನಿಂದ ಕೆಲಸ ಸಾಗುವುದಿಲ್ಲ. ಆದ್ದರಿಂದ ಒಮ್ಮೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ದೇಹದ ತೊಂದರೆಗೆ ತಿಂಗಳುಗಟ್ಟಲೆ ಮಾತಿನ ಚಿಕಿತ್ಸೆ ಪಡೆದು, ‘ನನಗೆ ಇದೂ ಫಲ ಕೊಡಲಿಲ್ಲ’ ಎಂದು ಯಾರೂ ಕುಗ್ಗಬಾರದು.

ಯಾರ ಕೆಲಸ ಏನು ಎಂಬುದನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರದಲ್ಲಿ ತರಬೇತಾದವರು. ಪರೀಕ್ಷೆಗಳ ಮೂಲಕ ಸಮಸ್ಯೆಯನ್ನು ಗುರುತಿಸುತ್ತಾರೆ, ಥೆರಪಿ ಅಂದರೆ ಮಾತಿನ ಚಿಕಿತ್ಸೆ ಕೊಡುತ್ತಾರೆ. ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರು ಎಂಬ ಹೆಸರಿನ ಹಿಂದೆ ಮಾತ್ರ ಏನು ಬೇಕಾದರೂ ಇರಬಹುದು: ವರ್ಷಗಟ್ಟಲೆ ಮೇಲ್ವಿಚಾರಣೆಯಲ್ಲಿ ಪಳಗಿದವರೂ ಇರುತ್ತಾರೆ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇರುತ್ತಾರೆ. ಹಲವು ದೇಶಗಳಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ. ಬ್ರಿಟನ್‌ನಲ್ಲೂ ಯಾರು ಬೇಕಾದರೂ ತಮ್ಮನ್ನು ಕೌನ್ಸೆಲರ್ ಎಂದು ಕರೆದುಕೊಳ್ಳಬಹುದು. ಹಾಗಾಗಿ ‘ಏನು ಓದಿದ್ದೀರಿ, ಎಲ್ಲಿ ನೋಂದಣಿಯಾಗಿದೆ, ನಿಮ್ಮ ಕೆಲಸವನ್ನು ಹಿರಿಯರು ಯಾರಾದರೂ ನೋಡುತ್ತಾರಾ’ ಎಂದು ಕೇಳುವುದು ಉದ್ಧಟತನವಲ್ಲ. ಸರಿಯಾದ ತರಬೇತಿ ಇರುವವರು ಈ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ.

ಕೆಲವು ಸಂದರ್ಭಗಳಲ್ಲಿ ಹುಡುಕಾಟ ಶುರುವಾಗಬೇಕಾದದ್ದೇ ಮನೋವೈದ್ಯರಿಂದ. ಇಲ್ಲದ ದನಿಗಳು ಕೇಳಿಸುವುದು, ಹಲವು ದಿನ ನಿದ್ದೆಯಿಲ್ಲದೆಯೂ ವಿಪರೀತ ಹುರುಪಿನಲ್ಲಿರುವುದು, ಊಟ ಸ್ನಾನವನ್ನೂ ಮಾಡಲಾಗದಷ್ಟು ಖಿನ್ನತೆ, ಇವೆಲ್ಲ ಆ ಗುಂಪಿಗೆ ಸೇರಿದವು. ಬಹುಕಾಲದ ಮದ್ಯಪಾನವನ್ನು ಬಿಡಬೇಕೆಂದಿರುವವರೂ ಅಷ್ಟೇ, ಏಕೆಂದರೆ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಸಾಯುವ ಆಲೋಚನೆ ಬರುತ್ತಿದ್ದರೆ ಸರಿಯಾದ ಥೆರಪಿಸ್ಟ್ ಸಿಗಲಿ ಎಂದು ಕಾಯಬೇಡಿ. ಈಗಲೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ಸಹಾಯವಾಣಿಗೆ ಕರೆ ಮಾಡಿ, ಜೊತೆಗೆ ಒಬ್ಬರನ್ನು ಇರಿಸಿಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ಯಾವ ಬಗೆಯ ಥೆರಪಿ ಉಳಿದವಕ್ಕಿಂತ ಮೇಲು ಎಂಬ ವಾದ ಬಹಳ ಹಳೆಯದು. ಬೇರೆಬೇರೆ ಪದ್ಧತಿಗಳು ಹೆಚ್ಚುಕಡಿಮೆ ಒಂದೇ ಮಟ್ಟದ ಫಲ ಕೊಡುತ್ತವೆ, ಅವುಗಳಲ್ಲಿ ಸಮಾನವಾಗಿರುವ ಅಂಶಗಳೇ ಇದಕ್ಕೆ ಕಾರಣವಿರಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ಬರೆದಿದ್ದರು. ಆ ಸಮಾನ ಅಂಶಗಳಲ್ಲಿ ಅತಿ ಹೆಚ್ಚು ಅಧ್ಯಯನವಾದದ್ದು ಚಿಕಿತ್ಸಕರಿಗೂ ಬಂದವರಿಗೂ ನಡುವಿನ ಒಡಂಬಡಿಕೆ. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 295 ಅಧ್ಯಯನಗಳನ್ನು, 30,000ಕ್ಕೂ ಹೆಚ್ಚು ಜನರ ಅನುಭವವನ್ನು ಒಟ್ಟಿಗೆ ನೋಡಿತು. ಒಡಂಬಡಿಕೆ ಗಟ್ಟಿಯಾಗಿದ್ದಲ್ಲಿ ಫಲಿತಾಂಶವೂ ಉತ್ತಮವಾಗಿತ್ತು. ಈ ನಂಟು ಭಾರಿ ದೊಡ್ಡದಲ್ಲ. ಆದರೆ ಪದ್ಧತಿ ಬದಲಾದರೂ, ದೇಶ ಬದಲಾದರೂ, ಆನ್‌ಲೈನ್ ಆದರೂ ಅದು ಉಳಿದುಕೊಂಡಿತು.

ಒಡಂಬಡಿಕೆ ಎಂದರೆ ‘ಅವರು ನನಗೆ ಇಷ್ಟವಾದರು’ ಎಂದಷ್ಟೇ ತಿಳಿದು ಅನೇಕರು ಎಡವುತ್ತಾರೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಇದನ್ನು ಮೂರಾಗಿ ಬಿಡಿಸಿದರು. ಎಲ್ಲಿಗೆ ತಲುಪಬೇಕು ಎಂಬ ಗುರಿಯಲ್ಲಿ ಇಬ್ಬರಿಗೂ ಸಹಮತವಿರಬೇಕು. ಅಲ್ಲಿಗೆ ಹೋಗಲು ಮಾಡಬೇಕಾದ ಕೆಲಸದಲ್ಲಿ ಸಹಮತವಿರಬೇಕು. ಇವರೊಂದಿಗೆ ಮನಸ್ಸು ಬಿಚ್ಚಬಹುದು ಎಂಬ ನಂಬಿಕೆಯ ನಂಟಿರಬೇಕು. ನಿಮ್ಮ ಪತ್ರವನ್ನು ಈ ಮೂರರ ಬೆಳಕಿನಲ್ಲಿ ಮತ್ತೆ ಓದಿದೆ. ನಂಟು ಇದೆ: ‘ಒಳ್ಳೆಯವರು, ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾರೆ’ ಎಂದಿದ್ದೀರಿ. ಗುರಿ ಏನೆಂದು ಇಬ್ಬರೂ ಮಾತಾಡಿಕೊಂಡ ಸುಳಿವಿಲ್ಲ. ವಾರದಿಂದ ವಾರಕ್ಕೆ ನೀವು ಏನು ಮಾಡಿ ನೋಡುತ್ತಿದ್ದೀರಿ ಎಂಬುದೂ ಇಲ್ಲ. ಹಾಗಾದರೆ ಆ ವ್ಯಕ್ತಿ ನಿಮಗೆ ತಕ್ಕವರಲ್ಲ ಎಂದು ಈಗಲೇ ತೀರ್ಮಾನಿಸುವಂತಿಲ್ಲ. ಆಗಬೇಕಾದ ಒಂದು ಮಾತುಕತೆ ಆಗಿಲ್ಲ, ಅಷ್ಟೇ. ‘ಮೂರು ತಿಂಗಳಲ್ಲಿ ರಾತ್ರಿ ಮಧ್ಯೆ ಏಳದೆ ಮಲಗುವ ಹಾಗಾಗಬೇಕು, ಮೀಟಿಂಗ್‌ನಲ್ಲಿ ಎದ್ದು ಹೋಗದೆ ಕೂರಬೇಕು’ ಎಂಬಷ್ಟು ಸ್ಪಷ್ಟವಾದ ಗುರಿಯನ್ನು ಮುಂದಿಡಿ. ಅದಕ್ಕೆ ಏನು ಮಾಡೋಣ ಎಂದು ಕೇಳಿ.

‘ನನಗೆ ಅನ್ನಿಸುತ್ತಿರುವುದು ಅವರಿಗೆ ಗೊತ್ತಾಗಿರಲೇಬೇಕಲ್ಲ, ಅದೇ ಅವರ ವೃತ್ತಿಯಲ್ಲವೇ?’ ಎಂದು ನೀವು ಕೇಳಬಹುದು. ಗೊತ್ತಾಗಿರುವುದಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ಬಳಿ ಬರುವವರಲ್ಲಿ ಯಾರ ಸ್ಥಿತಿ ಹದಗೆಡಬಹುದು ಎಂದು ಥೆರಪಿಸ್ಟ್‌ಗಳನ್ನೇ ಕೇಳಲಾಯಿತು. 550 ಜನರಲ್ಲಿ ಮೂವರು ಮಾತ್ರ ಎಂದು ಅವರು ಅಂದಾಜಿಸಿದರು. ನಿಜವಾಗಿ ಹದಗೆಟ್ಟವರು 40 ಮಂದಿ, ಅದರಲ್ಲಿ ಸರಿಯಾಗಿ ಊಹಿಸಿದ್ದು ಒಬ್ಬರನ್ನು. ಇತ್ತ ಕುರ್ಚಿಯ ಈಚೆ ಕೂತವರೂ ಮುಚ್ಚಿಡುತ್ತಾರೆ. ಥೆರಪಿಗೆ ಹೋಗಿದ್ದ 547 ಜನರನ್ನು ಸಂಶೋಧಕರಾದ ಮ್ಯಾಟ್ ಬ್ಲಾಂಚರ್ಡ್ ಮತ್ತು ಬ್ಯಾರಿ ಫಾರ್ಬರ್ ಕೇಳಿದಾಗ ಶೇ. 93ರಷ್ಟು ಮಂದಿ ತಮ್ಮ ಥೆರಪಿಸ್ಟ್‌ಗೆ ಒಮ್ಮೆಯಾದರೂ ಸುಳ್ಳು ಹೇಳಿದ್ದಾಗಿ ಒಪ್ಪಿದರು. ಎಲ್ಲಕ್ಕಿಂತ ಸಾಮಾನ್ಯವಾಗಿದ್ದ ಸುಳ್ಳು ಯಾವುದು ಗೊತ್ತೇ? ಒಳಗಿನ ಸಂಕಟವನ್ನು ಇದ್ದದ್ದಕ್ಕಿಂತ ಕಡಿಮೆ ಮಾಡಿ ಹೇಳುವುದು. ಎದುರಿಗಿರುವವರಿಗೆ ಬೇಸರವಾಗದಿರಲಿ ಎಂಬ ದಾಕ್ಷಿಣ್ಯ ಅಲ್ಲೂ ನಮ್ಮನ್ನು ಬಿಡುವುದಿಲ್ಲ. ಒಬ್ಬರಿಗೆ ಕಾಣುತ್ತಿಲ್ಲ, ಇನ್ನೊಬ್ಬರು ಹೇಳುತ್ತಿಲ್ಲ. ಹೀಗೆ ತಿಂಗಳುಗಳು ಕಳೆಯುತ್ತವೆ, ಒಂದು ದಿನ ಸದ್ದಿಲ್ಲದೆ ಹೋಗುವುದು ನಿಲ್ಲುತ್ತದೆ. ನನ್ನನ್ನು ಬಹಳ ಕಾಡುವುದು ಇದೇ.

ಬಾಯಿಬಿಟ್ಟು ಹೇಳಿದಾಗ ಏನಾಗುತ್ತದೆ ಎಂಬುದನ್ನು ಗಮನಿಸಿ. ಪಳಗಿದವರಾದರೆ ಕುತೂಹಲ ತೋರುತ್ತಾರೆ. ‘ಹೇಳಿದ್ದು ಒಳ್ಳೆಯದಾಯಿತು. ಯಾವುದು ಬದಲಾಗುತ್ತದೆ ಎಂದುಕೊಂಡಿದ್ದಿರಿ? ಇಲ್ಲಿಯವರೆಗಿನ ಮಾತಿನಲ್ಲಿ ಯಾವುದು ಉಪಯೋಗವಾಯಿತು, ಯಾವುದು ಆಗಲಿಲ್ಲ?’ ಎಂದು ಕೇಳುತ್ತಾರೆ. ಮುಂದಿನ ಭೇಟಿಯಲ್ಲಿ ಏನೋ ಒಂದು ಬೇರೆಯಾಗಿರುತ್ತದೆ: ಒಂದು ಯೋಜನೆ, ನಿದ್ದೆಯ ದಿನಚರಿ ಬರೆದಿಡುವ ಕೆಲಸ, ಇಲ್ಲವೇ ‘ಇದಕ್ಕೆ ನನಗಿಂತ ಇಂಥವರು ಸೂಕ್ತ’ ಎಂಬ ಪ್ರಾಮಾಣಿಕ ಮಾತು. ‘ನೀವು ಸಹಕರಿಸುತ್ತಿಲ್ಲ’ ಎಂದೋ, ‘ತಾಳ್ಮೆಯಿರಲಿ’ ಎಂದಷ್ಟೇ ಹೇಳಿಯೋ ಮುಗಿಸಿದರೆ, ಅಥವಾ ನೀವೇ ಅವರನ್ನು ಸಮಾಧಾನಪಡಿಸಬೇಕಾಗಿ ಬಂದರೆ, ನಿಮಗೆ ಉತ್ತರ ಸಿಕ್ಕಿತು. ಮನಶ್ಶಾಸ್ತ್ರಜ್ಞರಾದ ಜೆರೆಮಿ ಸಫ್ರನ್ ಮತ್ತು ಕ್ರಿಸ್ಟೋಫರ್ ಮುರಾನ್ ದಶಕಗಳ ಕಾಲ ಅಭ್ಯಾಸ ಮಾಡಿದ್ದು ಇದನ್ನೇ: ಥೆರಪಿಯ ನಂಟಿನಲ್ಲಿ ಬಿರುಕು ಬಿಡುವುದು ಸಹಜ, ಅದನ್ನು ಇಬ್ಬರೂ ಕೂತು ಸರಿಪಡಿಸಿಕೊಂಡಲ್ಲಿ ಚಿಕಿತ್ಸೆ ಇನ್ನಷ್ಟು ಚೆನ್ನಾಗಿ ಸಾಗುತ್ತದೆ. ಎದುರಾಎದುರು ಹೇಳಲು ನಾಲಿಗೆ ಏಳದಿದ್ದರೆ ಬರೆದುಕೊಂಡು ಹೋಗಿ ಓದಿ, ಅಥವಾ ಹಿಂದಿನ ದಿನ ಸಂದೇಶ ಕಳಿಸಿ. ಯಾವುದೂ ಕಡಿಮೆಯಲ್ಲ.

ಪದ್ಧತಿಗೆ ಬೆಲೆಯೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಕೆಲವು ತೊಂದರೆಗಳಲ್ಲಿ ಅದು ಬಹಳ ಮುಖ್ಯ. ಗೀಳು ಕಾಯಿಲೆಯನ್ನೇ ನೋಡಿ. ‘ಬಾಗಿಲು ಹಾಕಿದೆನಾ, ಕೈ ಶುದ್ಧವಾಯಿತಾ’ ಎಂಬ ಸಂಶಯ ಪದೇಪದೇ ಬಂದಾಗ ‘ಏನೂ ಆಗಲ್ಲ ಬಿಡಿ’ ಎಂದು ಸಾಂತ್ವನ ಹೇಳುವ ಕೌನ್ಸೆಲರ್ ಅರಿವಿಲ್ಲದೆ ಗೀಳಿಗೇ ಬಲ ಕೊಡುತ್ತಾರೆ. ಆ ಸಾಂತ್ವನವೂ ಕೈ ತೊಳೆದಷ್ಟೇ ಕ್ಷಣಿಕ, ಮತ್ತೆಮತ್ತೆ ಬೇಕೆನಿಸುತ್ತದೆ. ಲಂಡನ್‌ನಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ವಿವರ ಪ್ರಕಟಿಸಿದರು. ಆ ರೋಗಿಗಳು ಹೆದರುವ ಸನ್ನಿವೇಶಕ್ಕೆ ಅವರನ್ನು ಒಡ್ಡಿ, ತೊಳೆಯುವ, ಪರೀಕ್ಷಿಸುವ ಕ್ರಿಯೆಯನ್ನು ತಡೆದಾಗ ಗೀಳು ಇಳಿದಿತ್ತು. ಗೀಳಿಗೆ ಇಂದಿಗೂ ಅತ್ಯಂತ ಪ್ರಮುಖವಾದ ಮಾತಿನ ಚಿಕಿತ್ಸೆ ಅದರಿಂದಲೇ ಬೆಳೆದದ್ದು. ದಿಢೀರ್ ಗಾಬರಿ, ಆಘಾತದ ನೆನಪುಗಳು, ದೀರ್ಘಕಾಲದ ನಿದ್ರಾಹೀನತೆ, ಇವಕ್ಕೂ ಪರೀಕ್ಷಿಸಿ ರೂಪಿಸಿದ ವಿಧಾನಗಳಿವೆ. ನಿದ್ರಾಹೀನತೆಗೆ ನಿದ್ದೆ ಮಾತ್ರೆಗಿಂತ ಮೊದಲು ಸಿಬಿಟಿ (ಆಲೋಚನೆ, ನಡವಳಿಕೆಯನ್ನು ಬದಲಿಸಲು ಕಲಿಸುವ ಥೆರಪಿ) ಆಧಾರಿತ ಚಿಕಿತ್ಸೆಯನ್ನೇ ಕೊಡಬೇಕೆಂದು ಅಲ್ಲಿನ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಸೂಚಿಸಿತು. ನಿಮ್ಮ ಕೌನ್ಸೆಲರ್ ಅವರನ್ನು ಕೇಳಿ: ‘ನನ್ನಂಥ ತೊಂದರೆಯವರನ್ನು ನೋಡಿದ್ದೀರಾ? ಅದಕ್ಕೆ ಹೇಗೆ ಚಿಕಿತ್ಸೆ ಮಾಡುತ್ತೀರಿ?’ ‘ನಾವು ಮಾತಾಡುತ್ತೇವೆ, ನಿಮಗೆ ಹಗುರಾಗುತ್ತದೆ’ ಎಂಬಷ್ಟಕ್ಕೆ ನಿಂತ ಉತ್ತರವನ್ನು ನಾನಾದರೆ ಒಪ್ಪುವುದಿಲ್ಲ.

ಎಷ್ಟು ದಿನ ನೋಡಬೇಕು? ಸಂಶೋಧಕ ಕೆನೆತ್ ಹೊವಾರ್ಡ್ ಮತ್ತು ಸಂಗಡಿಗರು 1986ರಲ್ಲಿ ಹಿಂದಿನ ಅಧ್ಯಯನಗಳನ್ನು ಕಲೆಹಾಕಿ ಕಂಡುಕೊಂಡಂತೆ, ಸುಮಾರು 8 ಭೇಟಿಗಳ ಹೊತ್ತಿಗೆ ಅರ್ಧದಷ್ಟು ಜನರಲ್ಲಿ ಅಳೆಯಬಹುದಾದ ಸುಧಾರಣೆ ಕಾಣುತ್ತದೆ, 26 ಭೇಟಿಗಳ ಹೊತ್ತಿಗೆ ಮುಕ್ಕಾಲು ಪಾಲು ಜನರಲ್ಲಿ. ಹಾಗಾಗಿ ಮೂರು ಭೇಟಿಗೆ ನೆಮ್ಮದಿ ಸಿಗದಿರುವುದು ಅಸಹಜವೇನಲ್ಲ. ಆದರೆ ಮೂರನೆಯ ಅಥವಾ ನಾಲ್ಕನೆಯ ಭೇಟಿಯ ಹೊತ್ತಿಗೆ ದಿಕ್ಕು ಗೊತ್ತಾಗಿರಬೇಕು. ಎಂಟರ ಹೊತ್ತಿಗೆ ಕೂತು ಲೆಕ್ಕ ಹಾಕಬೇಕು. ಅನ್ನಿಸಿಕೆಯನ್ನೊಂದೇ ನೆಚ್ಚಿಕೊಳ್ಳಬೇಡಿ, ಏಕೆಂದರೆ ಬೇಸರದ ದಿನ ಎಲ್ಲವೂ ವ್ಯರ್ಥವೆನಿಸುತ್ತದೆ. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ, ಅಂಕ 0ಯಿಂದ 27. ಆತಂಕಕ್ಕೆ ಜಿಎಡಿ-7 ಇದೆ, ಏಳು ಪ್ರಶ್ನೆ, 21 ಅಂಕ. ಎರಡನ್ನೂ ಕೆಲವು ನಿಮಿಷಗಳಲ್ಲಿ ತುಂಬಬಹುದು. ಎರಡು ವಾರಕ್ಕೊಮ್ಮೆ ತುಂಬಿ ಅಂಕ ಬರೆದಿಡಿ, ಕೌನ್ಸೆಲರ್‌ಗೂ ತೋರಿಸಿ. ಪಿಎಚ್‌ಕ್ಯೂ-9ರಲ್ಲಿ 5 ಅಂಕ ಇಳಿದರೆ ಅದನ್ನು ಲೆಕ್ಕಕ್ಕೆ ಬರುವ ಸುಧಾರಣೆ ಎಂದೇ ಪರಿಗಣಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ಭೇಟಿ ಮುಗಿಸಿ ಬಂದ ದಿನ ಮನಸ್ಸು ಕಲಕಿದಂತಾದರೆ ಚಿಕಿತ್ಸೆ ತಪ್ಪುದಾರಿಯಲ್ಲಿದೆ ಎಂದರ್ಥವಲ್ಲ. ಭಯವನ್ನು ಎದುರಿಸುವ ಚಿಕಿತ್ಸೆಗಳಲ್ಲಿ ಆತಂಕ ಮೊದಲು ಏರಿಯೇ ಇಳಿಯುತ್ತದೆ. ಏಕೆ ಏರುತ್ತಿದೆ ಎಂಬುದು ನಿಮಗೆ ಗೊತ್ತಿರಬೇಕು, ಅದಕ್ಕೆ ನೀವು ಒಪ್ಪಿರಬೇಕು. ಕಾರಣವಿಲ್ಲದೆ ವಾರದಿಂದ ವಾರಕ್ಕೆ ಕುಸಿಯುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ.

ಮಾತುಕತೆಯನ್ನೂ ಆಡದೆ ತಕ್ಷಣ ಬಿಟ್ಟುಬರಬೇಕಾದ ಸಂದರ್ಭಗಳೂ ಇವೆ. ಲೈಂಗಿಕವಾದ ಮಾತು ಅಥವಾ ಸ್ಪರ್ಶ, ಸಾಲ ಅಥವಾ ವ್ಯವಹಾರದ ಪ್ರಸ್ತಾಪ, ನಿಮ್ಮ ವಿಷಯ ಮನೆಯವರಿಗೋ ಕಚೇರಿಗೋ ತಲುಪಿಸುವುದು, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿ ಎನ್ನುವುದು, ಇಷ್ಟೇ ದಿನದಲ್ಲಿ ಗುಣವೆಂದು ಖಾತರಿ ಕೊಡುವುದು, ನೀವು ಯಾರನ್ನು ಪ್ರೀತಿಸುತ್ತೀರಿ ಎಂಬುದನ್ನೇ ರೋಗವೆಂದು ‘ಸರಿಪಡಿಸಲು’ ಹೊರಡುವುದು. ಗೌಪ್ಯತೆಗೆ ಮಾತ್ರ ಒಂದು ಮಿತಿ ಇದ್ದೇ ಇದೆ. ಚಿಕಿತ್ಸೆಗೆ ಬಂದವರಿಂದ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ ಆ ಇನ್ನೊಬ್ಬರನ್ನು ರಕ್ಷಿಸುವ ಹೊಣೆ ಚಿಕಿತ್ಸಕರ ಮೇಲಿದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರ ತಾರಸಾಫ್ ಪ್ರಕರಣದಲ್ಲಿ ಹೇಳಿತು, ಇಂಥ ನಿಯಮ ಈಗ ಅನೇಕ ಕಡೆ ಇದೆ. ಆ ಮಿತಿ ಎಲ್ಲಿದೆ ಎಂದು ಮೊದಲ ದಿನವೇ ವಿವರಿಸುವವರು ಜವಾಬ್ದಾರಿ ತಿಳಿದವರು.

ಹೇಳಿ ನೋಡಿದಿರಿ, ಸಮಯ ಕೊಟ್ಟಿರಿ, ಆದರೂ ಆಗಲಿಲ್ಲ ಎಂದಿಟ್ಟುಕೊಳ್ಳಿ. ಆಗ ಬದಲಾಯಿಸಿ, ಅಪರಾಧಿ ಭಾವ ಬೇಡ. ‘ಇಲ್ಲಿಗೆ ನಿಲ್ಲಿಸುತ್ತಿದ್ದೇನೆ’ ಎಂಬ ಒಂದು ಸಂದೇಶ ಸಾಕು. ಸಾಧ್ಯವಾದರೆ ಕೊನೆಯ ಭೇಟಿಯೊಂದನ್ನು ಇಟ್ಟುಕೊಂಡು, ಬೇರೆ ಯಾರನ್ನು ಕಾಣಬಹುದು ಎಂದು ಅವರನ್ನೇ ಕೇಳಿ, ಈವರೆಗಿನ ಚಿಕಿತ್ಸೆಯ ಸಾರಾಂಶ ಬರೆಸಿಕೊಳ್ಳಿ. ಔಷಧಿ ನಡೆಯುತ್ತಿದ್ದರೆ ಥೆರಪಿಸ್ಟ್ ಬದಲಾದ ಕಾರಣಕ್ಕೆ ಅದನ್ನು ನಿಲ್ಲಿಸಬೇಡಿ. ಹೊಸಬರ ಮುಂದೆ ಕೂತಾಗ ಬಾಲ್ಯದಿಂದ ಕತೆ ಶುರುಮಾಡುವ ಮೊದಲು ‘ಹಿಂದಿನವರ ಬಳಿ ಇದು ಹಿಡಿಸಿತ್ತು, ಇದು ಸಾಲಲಿಲ್ಲ, ಈ ಸಲ ನನಗೆ ಇದು ಬೇಕು’ ಎಂದು ಹೇಳಿ, ನಿಮ್ಮ ಅಂಕಗಳ ಹಾಳೆಯನ್ನೂ ಕೊಡಿ.