ಹೆಪ್ಪುಗಟ್ಟುವ ಮೊದಲೇ ಸಾಯುವ ಚಿಗುರು

ಬಾಳೆದಿಂಡು ಹೆಚ್ಚಿದವರಿಗೆ ಗೊತ್ತು, ಹೋಳುಗಳನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತವೆ. ಕೊಯ್ದ ಜಾಗಕ್ಕೆ ಗಾಳಿ ತಗುಲುವುದೇ ಕಾರಣ. ಗಿಡದ ಚೂರುಗಳನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಕಾಪಿಡುವ ವಿಜ್ಞಾನಿಗಳು ಈ ಕಡೆ ಗಮನ ಕೊಟ್ಟದ್ದು ಮಾತ್ರ ತಡವಾಗಿ.

ಅಷ್ಟು ಚಳಿ ಯಾಕೆ ಬೇಕು? ರಾಗಿ, ಭತ್ತವನ್ನಾದರೆ ಒಣಗಿಸಿ ಫ್ರೀಜರಿನಲ್ಲಿಟ್ಟರೆ ಸಾಕು. ಹಲಸಿನ ಬೀಜ ಒಣಗಿದರೇ ಸಾಯುತ್ತದೆ. ಇಂಥ ಮೊಂಡು ಬೀಜಗಳಿಗೆ 1973ರಲ್ಲಿ 'ರಿಕ್ಯಾಲ್ಸಿಟ್ರೆಂಟ್' ಎಂಬ ಹೆಸರು ಬಂತು. ಇವುಗಳ ಒಳಗಿನ ಪುಟ್ಟ ಭ್ರೂಣವನ್ನು ಕತ್ತರಿಸಿ ತೆಗೆದು ದ್ರವ ಸಾರಜನಕದಲ್ಲೇ ಕಾಪಿಡಬೇಕು.

ಮೊದಲಿಗೆ ಎಲ್ಲರ ಕಣ್ಣು ಕೋಶದೊಳಗೆ ಹರಳುಗಟ್ಟಿ ಅದನ್ನು ಕೊಲ್ಲುವ ಐಸ್ ಮೇಲಿತ್ತು. 1960ರಲ್ಲಿ ಜಪಾನಿನ ಅಕಿರಾ ಸಕಾಯ್ ಹಿಪ್ಪುನೇರಳೆ ಕಡ್ಡಿಗಳು ದ್ರವ ಸಾರಜನಕದಲ್ಲೂ ಬದುಕುತ್ತವೆ ಎಂದು ತೋರಿಸಿದರು. 1990ರಲ್ಲಿ ಅವರದೇ ತಂಡ 'ಪಿವಿಎಸ್2' ದ್ರಾವಣ ತಂದಿತು. ಗ್ಲಿಸರಾಲ್, ಎಥಿಲೀನ್ ಗ್ಲೈಕಾಲ್, ಡಿಎಂಎಸ್‌ಒ ಎಂಬ ರಾಸಾಯನಿಕಗಳು, ಸಕ್ಕರೆ ಸೇರಿದ ಇದರಲ್ಲಿ ನೆನೆಸಿದರೆ ಕೋಶದ ನೀರು ಹರಳಾಗದೆ ಗಾಜಿನಂತೆ ಗಟ್ಟಿಯಾಗುತ್ತದೆ. ಐಸ್ ಕಾಟ ತಪ್ಪಿತು, ಆದರೂ ಎಷ್ಟೋ ಚಿಗುರುಗಳು ಏಳಲಿಲ್ಲ.

ಕೊಲೆಗಾರ ಚಾಕು! ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಪೆಟ್ರೀಷಿಯಾ ಬರ್ಜಾಕ್ ಮತ್ತು ನಾರ್ಮನ್ ಪ್ಯಾಮೆಂಟರ್ ಅವರ ಗುಂಪು ಮೊಂಡು ಬೀಜಗಳನ್ನು ವರ್ಷಗಟ್ಟಲೆ ನೋಡಿತು. ಬೇಳೆಯಿಂದ ಭ್ರೂಣವನ್ನು ಬೇರ್ಪಡಿಸಿದ ಕ್ಷಣವೇ ಗಾಯದಲ್ಲಿ ಕೋಶಗಳನ್ನು ಹಾಳುಗೆಡವುವ ಆಮ್ಲಜನಕದ ಪುಂಡ ರೂಪಗಳು ಉಕ್ಕುತ್ತವೆ. ಭ್ರೂಣದಿಂದ ಬೇರು ಬರುತ್ತದೆ, ಆದರೆ ಪಕ್ಕದಲ್ಲೇ ಗಾಯವಿರುವ ಚಿಗುರು ಬರುವುದಿಲ್ಲ. ಫ್ರೀಜ್ ಮಾಡುವ ಮೊದಲೇ ಅರ್ಧ ಆಟ ಮುಗಿದಿರುತ್ತದೆ, ಅಲ್ವಾ? ಕತ್ತರಿಸುವಾಗಲೇ ಡಿಎಂಎಸ್‌ಒ ಬಳಸಿದಾಗ ಚಿಗುರು ಬಂತು. ತಮಾಷೆ ನೋಡಿ: ಐಸ್ ತಡೆಯಲು ದಶಕಗಳಿಂದ ಬಳಸುತ್ತಿದ್ದ ಡಿಎಂಎಸ್‌ಒ ತಾನೇ ಒಂದು ಆಂಟಿಆಕ್ಸಿಡೆಂಟ್, ಅಂದರೆ ಆ ಪುಂಡ ರೂಪಗಳನ್ನು ಹಿಡಿದು ಸುಮ್ಮನಾಗಿಸುವ ವಸ್ತು.

2010ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಬ್ಲ್ಯಾಕ್‌ಬೆರಿ ಚಿಗುರುಗಳಿಗೆ ವಿಟಮಿನ್ ಸಿ, ಇ ಎಂಬ ಇನ್ನೆರಡು ಆಂಟಿಆಕ್ಸಿಡೆಂಟ್ ಕೊಟ್ಟು ನೋಡಿದರು. ಕೋಶದ ಪೊರೆಯ ಕೊಬ್ಬು ಹಾಳಾಗುವುದು ತಗ್ಗಿತು, ಫ್ರೀಜ್ ಆಗಿ ಮತ್ತೆ ಬೆಳೆದ ಚಿಗುರುಗಳು ಹೆಚ್ಚಾದವು. ಇ ಪೊರೆಯೊಳಗೆ ಕಾಯುತ್ತದೆ, ಸಿ ಹೊರಗಿನ ನೀರಿನಲ್ಲಿದ್ದು ಸೋತ ಇ-ಯನ್ನು ಮತ್ತೆ ಎಬ್ಬಿಸುತ್ತದೆ.

ಹಾಗಂತ ಸುಮ್ನೆ ಜಾಸ್ತಿ ಸುರಿಯುವಂತಿಲ್ಲ. ಕಬ್ಬಿಣದ ಜೊತೆ ಸೇರಿದರೆ ವಿಟಮಿನ್ ಸಿ ತಿರುಗಿಬಿದ್ದು ಹಾನಿಯನ್ನೇ ಹೆಚ್ಚಿಸಬಲ್ಲದು. ಗಿಡ ಬೆಳೆಸುವ ಮಾಧ್ಯಮದಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಈ ಕಬ್ಬಿಣದ ಕಾಟ ಬ್ರಿಟನ್ನಿನ ವಿಜ್ಞಾನಿ ಎರಿಕಾ ಬೆನ್ಸನ್ ಅವರಿಗೆ ಮೊದಲೇ ಗೊತ್ತಿತ್ತು. 1990ರ ದಶಕದಲ್ಲಿ ಅವರ ತಂಡ ಫ್ರೀಜ್ ಮಾಡಿದ ಭತ್ತದ ಕೋಶಗಳಿಗೆ ಡೆಸ್‌ಫೆರಿಆಕ್ಸಮಿನ್ ಹಾಕಿ ಕಬ್ಬಿಣವನ್ನು ಕಟ್ಟಿಹಾಕಿತು, ಕೋಶಗಳು ಚೇತರಿಸಿಕೊಂಡವು. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವವರ ಮೈಯಲ್ಲಿ ತುಂಬಿದ ಕಬ್ಬಿಣ ಇಳಿಸಲು ಕೊಡುವ ಔಷಧಿಯೂ ಇದೇ.