ಮೆಕೆಂಜಿ ಎಂಬ ಹೆಸರಿನೊಳಗೆ ಅಡಗಿರುವ ಞ

ಕರ್ನಾಟಕದ ಕೈಫಿಯತ್ತುಗಳನ್ನು (ಊರೂರಿನ ಚರಿತ್ರೆಯ ಹಳೆಯ ದಾಖಲೆಗಳನ್ನು) ಓದಲು ಹೊರಟವರಿಗೆ ಮೊದಲು ಎದುರಾಗುವ ಹೆಸರು ಕರ್ನಲ್ ಕಾಲಿನ್ ಮೆಕೆಂಜಿಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ನಡೆಸಿದವನು, ಊರೂರಿನ ಚರಿತ್ರೆ, ಶಾಸನ, ಹಸ್ತಪ್ರತಿಗಳನ್ನು ಕಲೆಹಾಕಿಸಿದವನು, 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ಇಷ್ಟು ನನಗೆ ಬಾಯಿಪಾಠವಾಗಿತ್ತು. ಆದರೆ ‘ಮೆಕೆಂಜಿ’ ಎಂದರೆ ಏನು, ಅದು ಎಲ್ಲಿಯ ಹೆಸರು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಮೇಲೆ ಮೂರು ದಿನ ಒಂದೇ ಅಕ್ಷರದ ಮುಂದೆ ನಿಂತುಬಿಟ್ಟೆ. ಆ ಗಂಟು ಬಿಚ್ಚಿದ ದಿನವೇ ಇದನ್ನು ಬರೆಯುತ್ತಿದ್ದೇನೆ. ನಾಳೆಗೆ ಬಿಟ್ಟರೆ ಎಲ್ಲಿ ಸಿಕ್ಕಿಕೊಂಡಿದ್ದೆ ಎಂಬುದೇ ಮರೆತುಹೋಗುತ್ತದೆ.

ಮೊದಲ ಭಾಗ: ಮಕ್

ಇದು ಸುಲಭ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ‘ಮಕ್’ ಎಂದರೆ ಮಗ. ಮೆಕ್‌ಡೊನಾಲ್ಡ್ ಎಂದರೆ ಡೊನಾಲ್ಡನ ಮಗ, ಮೆಕ್‌ಗ್ರೆಗರ್ ಎಂದರೆ ಗ್ರೆಗರನ ಮಗ.

ಇಲ್ಲಿ ಕನ್ನಡಿಗರಿಗೆ ಒಂದು ಎಚ್ಚರಿಕೆಯ ಮಾತು. ಮಕ್ ಮತ್ತು ಮಗ ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ, ಅರ್ಥವೂ ಒಂದೇ. ಹಾಗಿದ್ದರೂ ಇವುಗಳ ನಡುವೆ ನಂಟಿಲ್ಲ. ಮಕ್ ಕೆಲ್ಟಿಕ್ ಭಾಷೆಗಳ ಮಾತು. ಐರ್ಲೆಂಡಿನ ಹಳೆಯ ಓಗಮ್ ಕಲ್ಬರಹಗಳಲ್ಲಿ ಅದರ ಷಷ್ಠಿ ರೂಪ ‘ಮಕ್ವಿ’ ಎಂದು ಕೆತ್ತಲಾಗಿದೆ. ನಮ್ಮ ಮಗ ದ್ರಾವಿಡ ಬೇರಿನಿಂದ ಬಂದವನು. ನೆನಪಿಟ್ಟುಕೊಳ್ಳಲು ಈ ಹೋಲಿಕೆಯನ್ನು ಬಳಸಿಕೊಳ್ಳಿ, ವ್ಯುತ್ಪತ್ತಿ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ.

ಹೆಣ್ಣುಮಕ್ಕಳಿಗೆ ಗೇಲಿಕ್‌ನಲ್ಲಿ ಮಕ್ ಹೊಂದುವುದಿಲ್ಲ, ‘ನಿಕ್’ ಬರುತ್ತದೆ. ಅಣ್ಣನ ಹೆಸರಿನಲ್ಲಿ ಮಕ್ ಇದ್ದರೆ ತಂಗಿಯ ಹೆಸರಿನಲ್ಲಿ ನಿಕ್. ಇಂಗ್ಲಿಷಿಗೆ ಬಂದಾಗ ಈ ಭೇದ ಅಳಿಸಿಹೋಗಿ ಎಲ್ಲರೂ ಮಕ್ ಆದರು.

ಎರಡನೆಯ ಭಾಗ: ಯಾರ ಮಗ?

ಕೊಞಖ್ ಎಂಬವನ ಮಗ. (ಕೊನೆಯ ಖ್ ನಮ್ಮ ಮಹಾಪ್ರಾಣ ಖಕಾರವಲ್ಲ. ಉರ್ದುವಿನ ‘ಖಬರ್’ ಎಂಬ ಮಾತಿನಲ್ಲಿ ಗಂಟಲು ಉಜ್ಜಿ ಬರುವ ಧ್ವನಿ.) ಈ ಹೆಸರಿನ ಅರ್ಥ ಚೆಲುವ, ಅಂದವಾದವನು. ನಮ್ಮಲ್ಲಿ ಚೆಲುವಯ್ಯ, ಚೆನ್ನಪ್ಪ ಎಂದು ಹೆಸರಿಡುವ ಹಾಗೆ. ಆದ್ದರಿಂದ ಮೆಕೆಂಜಿ ಎಂದರೆ ‘ಚೆನ್ನಪ್ಪನ ಮಗ’ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಆರನೆಯ ಶತಮಾನದ ಐರಿಷ್ ಸಂತನೊಬ್ಬನಿಗೂ ಇದೇ ಹೆಸರಿತ್ತು. ಐರ್ಲೆಂಡಿನ ಕಿಲ್ಕೆನಿ ಎಂಬ ಊರಿನ ಹೆಸರು ‘ಆ ಸಂತನ ಗುಡಿ’ ಎಂಬ ಮಾತಿನಿಂದಲೇ ಬಂದದ್ದು.

ಕೊಞಖ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೆನೆತ್ ಎಂದು ಬರೆಯುತ್ತಾರೆ. ಆದರೆ ಕೆನೆತ್ ಎಂದು ಕಂಡಲ್ಲೆಲ್ಲ ಅದರ ಮೂಲ ಕೊಞಖ್ ಎಂದು ತಿಳಿಯುವಂತಿಲ್ಲ. 858ರಲ್ಲಿ ತೀರಿಕೊಂಡ ರಾಜ ಕೆನೆತ್ ಮೆಕ್‌ಆಲ್ಪಿನ್‌ನ ನಿಜವಾದ ಹೆಸರು ಕಿನಾಯ್ದ್, ಅದು ಬೇರೆಯದೇ ಹೆಸರು. ಎರಡು ಗೇಲಿಕ್ ಹೆಸರುಗಳು ಇಂಗ್ಲಿಷಿನ ಒಂದೇ ಅಂಗಿಯೊಳಗೆ ಸೇರಿಕೊಂಡಿವೆ. ಮೆಕೆಂಜಿಗಳಿಗೂ ಆ ರಾಜನಿಗೂ ಹೆಸರಿನ ದಾರಿಯಿಂದ ಸಂಬಂಧ ಕಟ್ಟಲು ಬರುವುದಿಲ್ಲ.

ಇನ್ನು ವ್ಯಾಕರಣ. ಕನ್ನಡದಲ್ಲಿ ಚೆಲುವ ಎಂಬುದಕ್ಕೆ ಷಷ್ಠಿ ವಿಭಕ್ತಿ ಹಚ್ಚಿದರೆ ಕೊನೆಯಲ್ಲಿ ಪ್ರತ್ಯಯ ಸೇರಿ ‘ಚೆಲುವನ’ ಆಗುತ್ತದೆ. ಗೇಲಿಕ್‌ನಲ್ಲಿ ಇಂಥ ಹೆಸರುಗಳಿಗೆ ಪ್ರತ್ಯಯ ಸೇರುವುದಿಲ್ಲ, ಪದದ ಕೊನೆಯ ಸ್ವರವೂ ವ್ಯಂಜನವೂ ಮೆತ್ತಗಾಗುತ್ತವೆ. ಕೊಞಖ್ ಹೋಗಿ ಕೊಞಿಹ್ ಆಗುತ್ತದೆ. ಮಕ್ ಜೊತೆ ಸೇರಿದಾಗ ‘ಮಕ್ ಕೊಞಿಹ್’. ಹೆಸರಿನ ಕೊನೆಯಲ್ಲಿ ನಮಗೆ ಕೇಳಿಸುವ ‘ಇ’ ಇಲ್ಲಿಂದ ಬಂದದ್ದು, ಅದು ಷಷ್ಠಿಯ ಗುರುತು.

ನಾನು ಸಿಕ್ಕಿಕೊಂಡ ಜಾಗ: ಝಡ್ ಎಲ್ಲಿಂದ ಬಂತು?

ಮಕ್ ಕೊಞಿಹ್ ಎಂಬ ಮೂಲದಲ್ಲಿ ಝಕಾರವಿಲ್ಲ, ಜಕಾರವೂ ಇಲ್ಲ. ಗೇಲಿಕ್ ವರ್ಣಮಾಲೆಯಲ್ಲಿ ಝಡ್ ಎಂಬ ಅಕ್ಷರವೇ ಇಲ್ಲ. ಹಾಗಾದರೆ ಇಂಗ್ಲಿಷಿನಲ್ಲಿ ಝಡ್ ಹಾಕಿ ಬರೆದು ಮೆಕೆಂಝಿ ಎಂದು ಜಗತ್ತೆಲ್ಲ ಹೇಳುವ ಆ ಝ ಯಾರು ತಂದಿಟ್ಟದ್ದು? ಭಾಷೆಯಲ್ಲಿ ಧ್ವನಿ ಬದಲಾಗಿರಬೇಕು, ಞ ಮೆಲ್ಲಗೆ ಝ ಆಗಿರಬೇಕು ಎಂದು ನಾನು ನಂಬಿದ್ದೆ. ಮೂರು ದಿನ ಕಳೆದದ್ದು ಈ ತಪ್ಪು ನಂಬಿಕೆಯಿಂದ. ಬದಲಾದದ್ದು ಧ್ವನಿಯಲ್ಲ, ಅಕ್ಷರ. ನಾಲಿಗೆ ಮಾಡಿದ ಕೆಲಸವಲ್ಲ, ಕಣ್ಣು ಮಾಡಿದ ಕೆಲಸ. ಒಂದೊಂದೇ ಹೆಜ್ಜೆ ನೋಡೋಣ.

ಹಳೆಯ ಇಂಗ್ಲಿಷ್ ಮತ್ತು ಸ್ಕಾಟ್ಸ್ (ಗೇಲಿಕ್ ಅಲ್ಲ, ಇಂಗ್ಲಿಷಿಗೆ ಹತ್ತಿರವಾದ ಸ್ಕಾಟ್ಲೆಂಡಿನ ಇನ್ನೊಂದು ಭಾಷೆ) ಬರಹದಲ್ಲಿ ‘ಯೋಖ್’ ಎಂಬ ಅಕ್ಷರವಿತ್ತು. 3 ಎಂಬ ಅಂಕೆಯನ್ನು ಗೆರೆಗಿಂತ ಸ್ವಲ್ಪ ಕೆಳಕ್ಕೆ ಇಳಿಸಿ ಬರೆದರೆ ಹೇಗೋ ಹಾಗೆ ಅದರ ಆಕಾರ. ಪದದ ಮೊದಲಲ್ಲಿ ಬಂದರೆ ಅದರ ಉಚ್ಚಾರ ನಮ್ಮ ಯಕಾರ.

ಇದೇ ಯೋಖ್ ನಕಾರದ ಮುಂದೆ ಕುಳಿತರೆ? ನ ಮತ್ತು ಯ ಸೇರಿ ನ್ಯ, ಇನ್ನೂ ಒಂದಾಗಿಸಿ ಹೇಳಿದರೆ ಞ. ಲಕಾರದ ಮುಂದೆ ಕುಳಿತರೆ ಲ್ಯ. ಗೇಲಿಕ್ ಹೆಸರುಗಳನ್ನು ಸ್ಕಾಟ್ಸ್ ಭಾಷೆಯ ಕಾಗದಪತ್ರಗಳಲ್ಲಿ ಬರೆಯಬೇಕಾಗಿ ಬಂದ ಲೇಖಕರಿಗೆ ಞ ಧ್ವನಿಗೆ ಒಂದು ಗುರುತು ಬೇಕಿತ್ತು. ನ ಬರೆದು ಯೋಖ್ ಬರೆದರು. ಅದನ್ನು ಓದುವವರು ‘ಮಕೆಞಿ’ ಎಂದೇ ಓದುತ್ತಿದ್ದರು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ತೊಡಕು ಎರಡು ಕಡೆಯಿಂದ ಬಂತು. ಕೈಬರಹದಲ್ಲಿ ಬಾಲವಿರುವ ಝಡ್ ಮತ್ತು ಯೋಖ್ ನೋಡಲು ಒಂದೇ ಆಗಿಬಿಟ್ಟವು. ಆಮೇಲೆ ಅಚ್ಚಿನ ಕಾಲ ಬಂತು. ಸ್ಕಾಟ್ಲೆಂಡಿನ ಮೊದಲ ಮುದ್ರಣಾಲಯವನ್ನು ಚೆಪ್‌ಮನ್ ಮತ್ತು ಮಿಲ್ಲರ್ ಎಂಬ ಇಬ್ಬರು ಎಡಿನ್‌ಬರೋದಲ್ಲಿ ತೆರೆದರು. 1508ರಲ್ಲಿ ಅಲ್ಲಿ ಅಚ್ಚು ಕೆಲಸ ನಡೆಯಿತು. ಮುದ್ರಕರು ಬಳಸಿದ ಅಚ್ಚುಮೊಳೆಗಳು ಯೂರೋಪಿನ ಮುಖ್ಯಭೂಮಿಯಿಂದ ಬರುತ್ತಿದ್ದವು. ಆ ಪೆಟ್ಟಿಗೆಗಳಲ್ಲಿ ಯೋಖ್ ಇರಲಿಲ್ಲ, ಝಡ್ ಇತ್ತು. ನೋಡಲು ಹೋಲುತ್ತಿದ್ದ ಝಡ್ ಮೊಳೆಯನ್ನೇ ಯೋಖ್ ಜಾಗದಲ್ಲಿ ಜೋಡಿಸಿದರು.

ಸ್ಥಳೀಯರಿಗೆ ಇದರಿಂದ ತೊಂದರೆಯಾಗಲಿಲ್ಲ. ಹೇಗೆ ಬರೆದಿದ್ದರೂ ತಮ್ಮ ಹೆಸರನ್ನು ಹೇಗೆ ಹೇಳಬೇಕೆಂದು ಅವರಿಗೆ ಗೊತ್ತಿತ್ತು. ಹೊರಗಿನವರು ಕಂಡದ್ದನ್ನು ಕಂಡ ಹಾಗೆ ಓದಿದರು. ಕಾಲಾಂತರದಲ್ಲಿ ಮೆಕೆಂಜಿಗಳೂ ಆ ಓದನ್ನೇ ಒಪ್ಪಿಕೊಂಡರು.

ಇದು ನನ್ನ ತಲೆಗೆ ಇಳಿದದ್ದು ಕೇರಳದ ಒಂದು ಊರಿನ ಹೆಸರಿನಿಂದ. ಕೋೞಿಕ್ಕೋಡ್ ಎಂಬುದರ ನಡುವಿನ ೞ ಧ್ವನಿಗೆ ಇಂಗ್ಲಿಷಿನಲ್ಲಿ ಅಕ್ಷರವಿಲ್ಲದ್ದರಿಂದ ಝಡ್ ಮತ್ತು ಎಚ್ ಜೋಡಿಸಿ ಬರೆಯುತ್ತಾರೆ. ಮಲಯಾಳಿಗಳು ಅದನ್ನು ೞ ಎಂದೇ ಓದುತ್ತಾರೆ. ದೂರದ ಊರಿನವರು ‘ಕೋಝಿಕೋಡ್’ ಎನ್ನುತ್ತಾರೆ. ಊರಿನ ಹೆಸರಿನಲ್ಲಿ ಝಕಾರ ಎಂದೂ ಇರಲಿಲ್ಲ; ಗುರುತು ಮಾತ್ರ ಇತ್ತು. ಮೆಕೆಂಜಿಯ ಝಡ್ ಕೂಡ ಅಂಥದೇ ಗುರುತು.

ಈಗ ನನಗೆ ಅತ್ಯಂತ ಪ್ರಿಯವಾದ ಉಪಾಯ. ಇಂಗ್ಲಿಷ್ ಓದುಗರಿಗೆ ಈ ಧ್ವನಿಯನ್ನು ವಿವರಿಸಲು ಬಹಳ ಸುತ್ತಬೇಕಾಗುತ್ತದೆ. ನಮಗೆ ಬೇಕಿಲ್ಲ. ಒಂದನೆಯ ತರಗತಿಯಲ್ಲಿ ಕ ಖ ಗ ಘ ಙ, ಚ ಛ ಜ ಝ ಞ ಎಂದು ರಾಗವಾಗಿ ಹೇಳಿಕೊಟ್ಟಿದ್ದಾರೆ. ಆ ಎರಡು ಸಾಲುಗಳ ಕೊನೆಯ ಅಕ್ಷರಗಳು ಎಲ್ಲಿಯೂ ಬಳಕೆಗೆ ಬರುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಮೆಕೆಂಜಿಯ ಚರಿತ್ರೆಯನ್ನು ಬರೆಯಲು ಈ ಎರಡೂ ಅಕ್ಷರಗಳು ಬೇಕು. ಗೇಲಿಕ್‌ನ ಞ ಸ್ಕಾಟ್ಸ್ ಬಾಯಲ್ಲಿ ಮುಂದೆ ಙ ಆಯಿತು. ಹಾಗಾಗಿ ಹಂತಗಳು ಹೀಗೆ: ಮಕ್ ಕೊಞಿಹ್, ಮಕೆಞಿ, ಮಕಿಙಿ, ಕೊನೆಗೆ ಅಚ್ಚನ್ನು ನೋಡಿ ಓದಿದ ಮೆಕೆಂಝಿ. ಞ ಹೇಗೆ ಹೇಳಬೇಕೆಂಬ ಅನುಮಾನವಿದ್ದರೆ ಮಲಯಾಳಿಗಳು ‘ಞಾನ್’ (ನಾನು) ಎನ್ನುವುದನ್ನು ಕೇಳಿಸಿಕೊಳ್ಳಿ.

ಮಕಿಙಿ ಎಂಬ ಉಚ್ಚಾರಕ್ಕೆ ಒಳ್ಳೆಯ ಸಾಕ್ಷಿ ಎಡಿನ್‌ಬರೋದ ಗ್ರೇಫ್ರಾಯರ್ಸ್ ಸ್ಮಶಾನದಲ್ಲಿದೆ. ಸರ್ ಜಾರ್ಜ್ ಮೆಕೆಂಜಿ (1636–1691) ರಾಜನ ಪರವಾಗಿ, ಅವನ ಚರ್ಚ್ ನೀತಿಯನ್ನು ವಿರೋಧಿಸಿದ ಕವನೆಂಟರ್ ಪಂಥದವರ ಮೇಲೆ ಕಠಿಣ ಮೊಕದ್ದಮೆಗಳನ್ನು ನಡೆಸಿದ ವಕೀಲ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ತಾಯಿಬೇರಾದ ವಕೀಲರ ಗ್ರಂಥಾಲಯವನ್ನು ಸ್ಥಾಪಿಸಿದವನೂ ಅವನೇ. ಜನ ಅವನನ್ನು ‘ರಕ್ತದ ಮಕಿಙಿ’ ಎಂದು ಕರೆದರು, ಮಕ್ಕಳು ಅವನ ಗೋರಿಯ ಬಾಗಿಲಲ್ಲಿ ನಿಂತು ಅದೇ ಹೆಸರು ಕೂಗಿ ಓಡುತ್ತಿದ್ದರು. ಅವರ ಕೂಗಿನಲ್ಲಿ ಝ ಇರಲಿಲ್ಲ.

ಇನ್ನೊಂದನ್ನು ನಾನು ಇಂದು ಬೆಳಿಗ್ಗೆ ಗಮನಿಸಿದೆ, ಗಮನಿಸಿ ಬಹಳ ಸಂತೋಷಪಟ್ಟೆ. ಕನ್ನಡದಲ್ಲಿ ನಾವು ‘ಮೆಕೆಂಜಿ’ ಎಂದು ಸೊನ್ನೆ ಹಾಕಿ ಬರೆಯುತ್ತೇವೆ. ಜಕಾರದ ಹಿಂದಿನ ಸೊನ್ನೆಯ ಉಚ್ಚಾರ ಏನು? ಸಂಜೆ, ಗಂಜಿ, ಅಂಜಿಕೆ ಎಂದು ನಿಧಾನವಾಗಿ ಹೇಳಿ ನೋಡಿ. ನಾಲಿಗೆಯ ನಡು ಅಂಗುಳಕ್ಕೆ ತಾಗುತ್ತದೆ. ಅದು ಞ. ಇಂಗ್ಲಿಷರ ಬಾಯಲ್ಲಿ ಕಳೆದುಹೋದ ಧ್ವನಿ ಕನ್ನಡ ಕಾಗುಣಿತದಲ್ಲಿ ತಾನಾಗಿ ಮರಳಿ ಬಂದು ಕುಳಿತಿದೆ.

ಅಭ್ಯಾಸಕ್ಕೆ ಇದೇ ಜಾತಿಯ ಇನ್ನು ಕೆಲವು. ಝಡ್ ಕಾಣಿಸುವ ಮೆನ್‌ಝೀಸ್ ಎಂಬ ಉಪನಾಮ ಸ್ಕಾಟ್ಲೆಂಡಿನಲ್ಲಿ ‘ಮಿಙಿಸ್’. ಆಸ್ಟ್ರೇಲಿಯದ ಪ್ರಧಾನಿ ರಾಬರ್ಟ್ ಮೆನ್‌ಝೀಸ್‌ಗೆ ‘ಮಿಂಗ್’ ಎಂಬ ಅಡ್ಡಹೆಸರು ಬಂದದ್ದು ಹೀಗೆ. ಡಾಲ್‌ಝೀಲ್ ಎಂದು ಕಾಣುವುದನ್ನು ‘ಡೀಎಲ್’ ಎನ್ನುತ್ತಾರೆ. ಕಲ್‌ಝೀನ್ ಎಂದು ಬರೆದ ಕೋಟೆ ಮಾತಿನಲ್ಲಿ ‘ಕಲೇನ್’. ಶೆಟ್‌ಲ್ಯಾಂಡ್ ದ್ವೀಪಗಳನ್ನು ಹಿಂದೆ ಝೆಟ್‌ಲ್ಯಾಂಡ್ ಎಂದು ಬರೆಯುತ್ತಿದ್ದುದಕ್ಕೂ ಮೊದಲಕ್ಷರದ ಯೋಖ್ ಕಾರಣ.

ಮ್ಯಾಕ್, ಮೆಕ್

ಇಂಗ್ಲಿಷಿನಲ್ಲಿ ಮಕ್ ಬರೆಯುವಾಗ ‘ಎ’ ಅಕ್ಷರ ಇದ್ದರೆ (Mac) ಸ್ಕಾಟಿಷ್, ಇಲ್ಲದಿದ್ದರೆ (Mc) ಐರಿಷ್ ಎಂಬ ಮಾತನ್ನು ಅನೇಕರು ಹೇಳುತ್ತಾರೆ. ತಪ್ಪು. ಚಿಕ್ಕ ರೂಪ ಬರೆಯುವವರ ಸಂಕ್ಷೇಪ ಮಾತ್ರ, ಎರಡು ದೇಶಗಳಲ್ಲೂ ಎರಡೂ ಇವೆ.

ಎಲ್ಲಿಯವರು?

ಸ್ಕಾಟ್ಲೆಂಡಿನ ವಾಯವ್ಯದ ರಾಸ್ ಪ್ರಾಂತ, ಅದರಲ್ಲೂ ಪಶ್ಚಿಮ ಕರಾವಳಿಯ ಕಿನ್‌ಟೇಲ್. ನೀರಿನ ನಡುವೆ ನಿಂತ ಐಲಿಯನ್ ಡೊನನ್ ಕೋಟೆಯ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೋಡಿರುತ್ತೀರಿ, ಅದು ಹಿಂದೆ ಇವರ ನೆಲೆಯಾಗಿತ್ತು. ಅಲ್ಲಿಂದ ಪೂರ್ವಕ್ಕೂ ಉತ್ತರಕ್ಕೂ ಹರಡಿ, 1610ರಲ್ಲಿ ಲೂಯಿಸ್ ದ್ವೀಪವನ್ನು ಪಡೆದರು. 1623ರಲ್ಲಿ ಇವರ ಮುಖ್ಯಸ್ಥ ಸೀಫರ್ತ್‌ನ ಅರ್ಲ್ ಆದನು. ವಂಶದ ಮೂಲಪುರುಷ ಐರ್ಲೆಂಡಿನಿಂದ ಬಂದ ಫಿಟ್ಜ್‌ಜೆರಾಲ್ಡ್ ಎಂಬವನು ಎಂಬ ಕಥೆಯನ್ನು ಬಹುಕಾಲ ನಂಬಿದ್ದರು. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಸ್ಥಳೀಯ ಗೇಲಿಕ್ ಮನೆತನವೆಂದೇ ಹೇಳುತ್ತಾರೆ.

ಒಂದು ಮಾತನ್ನು ಅಡಿಗೆರೆ ಎಳೆದು ಬರೆದುಕೊಳ್ಳಬೇಕು. ಕುಲ ಎಂಬರ್ಥದಲ್ಲಿ ಬಳಸುವ ‘ಕ್ಲಾನ್’ ಎಂಬ ಪದಕ್ಕೆ ಗೇಲಿಕ್‌ನಲ್ಲಿ ಮಕ್ಕಳು ಎಂದೇ ಅರ್ಥ. ಹಾಗೆಂದು ಎಲ್ಲ ಮೆಕೆಂಜಿಗಳೂ ಒಬ್ಬ ಕೊಞಖ್‌ನ ರಕ್ತಸಂಬಂಧಿಗಳಲ್ಲ. ಗುಡ್ಡನಾಡಿನಲ್ಲಿ ಸಾಮಾನ್ಯ ಜನರಿಗೆ ಸ್ಥಿರವಾದ ಉಪನಾಮ ಬಂದದ್ದು ತಡವಾಗಿ. ಅದಕ್ಕೂ ಮೊದಲು ತಂದೆ, ಅಜ್ಜನ ಹೆಸರು ಸೇರಿಸಿ ಹೇಳಿಕೊಳ್ಳುತ್ತಿದ್ದರು. ಉಪನಾಮ ಬೇಕಾದಾಗ ಯಾರ ಜಮೀನು ಉಳುತ್ತಿದ್ದರೋ ಆ ಮುಖ್ಯಸ್ಥನ ಹೆಸರನ್ನೇ ಅನೇಕರು ಇಟ್ಟುಕೊಂಡರು. ಹೆಸರು ಇಷ್ಟೊಂದು ಸಾಮಾನ್ಯವಾಗಲು ಇದು ದೊಡ್ಡ ಕಾರಣ. ದೊಡ್ಡ ಒಡೆಯನ ಸೀಮೆಯಲ್ಲಿ ಒಡೆಯನ ಹೆಸರೇ ಬೆಳೆಯುತ್ತದೆ.

ಎಲ್ಲೆಲ್ಲಿ ಹರಡಿದೆ

ಸ್ಕಾಟ್ಲೆಂಡಿನಲ್ಲಿ ಇಂದಿಗೂ ಇದು ಬಹಳ ಸಾಮಾನ್ಯ ಉಪನಾಮ, ಉತ್ತರದ ಗುಡ್ಡನಾಡಿನಲ್ಲಿ ಮತ್ತು ಲೂಯಿಸ್‌ನಲ್ಲಿ ಹೆಚ್ಚು ದಟ್ಟ. ಅಲ್ಲಿಂದ ವಲಸೆಯ ದಾರಿ ಹಿಡಿದರೆ ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಅಮೆರಿಕ. 1773ರಲ್ಲಿ ‘ಹೆಕ್ಟರ್’ ಎಂಬ ಹಡಗು ಗುಡ್ಡನಾಡಿನ ಕುಟುಂಬಗಳನ್ನು ನೋವಾ ಸ್ಕೋಷಿಯಾಕ್ಕೆ ಒಯ್ದದ್ದು ರಾಸ್ ಪ್ರಾಂತದ ಲಾಖ್ ಬ್ರೂಮ್‌ನಿಂದ, ಅದು ಮೆಕೆಂಜಿಗಳ ಸೀಮೆ.

ಲೂಯಿಸ್‌ನ ಸ್ಟಾರ್ನವೇ ಎಂಬ ಬಂದರು ಪಟ್ಟಣ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ನಮ್ಮ ಕಾಲಿನ್ ಮೆಕೆಂಜಿ ಸುಮಾರು 1754ರಲ್ಲಿ ಹುಟ್ಟಿದ್ದು ಅಲ್ಲಿ. ಸುಮಾರು ಹತ್ತು ವರ್ಷಗಳ ಬಳಿಕ ಅದೇ ಪಟ್ಟಣದಲ್ಲಿ ಅಲೆಕ್ಸಾಂಡರ್ ಮೆಕೆಂಜಿ ಹುಟ್ಟಿದನು. ಅವನು 1789ರಲ್ಲಿ ಒಂದು ಮಹಾನದಿಯ ಗುಂಟ ಆರ್ಕ್‌ಟಿಕ್ ಸಾಗರದವರೆಗೆ ಹೋದನು, 1793ರಲ್ಲಿ ಕೆನಡಾವನ್ನು ದಾಟಿ ಪೆಸಿಫಿಕ್ ತೀರ ಮುಟ್ಟಿದನು. ಆ ನದಿಗೆ ಇಂದು ಮೆಕೆಂಜಿ ನದಿ ಎಂದೇ ಹೆಸರು. ಒಂದೇ ಸಣ್ಣ ಪಟ್ಟಣದ, ಒಂದೇ ಉಪನಾಮದ ಇಬ್ಬರು. ಒಬ್ಬನು ಹಿಮದ ನಾಡಿನ ನಕ್ಷೆಗೆ ಹೆಸರು ಕೊಟ್ಟನು, ಇನ್ನೊಬ್ಬನು ಮೈಸೂರು ಸೀಮೆಯ ನಕ್ಷೆ ಬರೆಸಿದನು. ಥಾಮಸ್ ಹಿಕಿ 1816ರಲ್ಲಿ ಬರೆದ ಕಾಲಿನ್‌ನ ಭಾವಚಿತ್ರದಲ್ಲಿ ಅವನ ಮೂವರು ಭಾರತೀಯ ಸಹಾಯಕರಿದ್ದಾರೆ, ಹಿಂದೆ ದೂರದ ಬೆಟ್ಟದ ಮೇಲೆ ಗೊಮ್ಮಟನಿದ್ದಾನೆ.

ಕೆನಡಾದ ಎರಡನೆಯ ಪ್ರಧಾನಿಯ ಹೆಸರೂ ಅಲೆಕ್ಸಾಂಡರ್ ಮೆಕೆಂಜಿ (ಅಧಿಕಾರದಲ್ಲಿದ್ದದ್ದು 1873ರಿಂದ 1878), ಆದರೆ ಅವನು ಪರ್ತ್‌ಶೈರ್‌ನವನು. ಪರೀಕ್ಷೆಯಲ್ಲಿ ಇಬ್ಬರನ್ನೂ ಬೆರೆಸದಿರಲು ನದಿಯವನು ಸ್ಟಾರ್ನವೇ, ಪದವಿಯವನು ಪರ್ತ್ ಎಂದು ನೆನಪಿಟ್ಟುಕೊಂಡಿದ್ದೇನೆ. ಟೊರಾಂಟೊದ ಮೊದಲ ಮೇಯರ್ ವಿಲಿಯಂ ಲಯನ್ ಮೆಕೆಂಜಿ ಡಂಡೀಯಿಂದ ಹೋದವನು, 1834ರಲ್ಲಿ ಆ ಹುದ್ದೆಗೆ ಬಂದನು.

ಈಚಿನ ದಶಕಗಳಲ್ಲಿ ಅಮೆರಿಕದಲ್ಲಿ ಮೆಕೆಂಜಿ ಉಪನಾಮದ ಸ್ಥಾನ ಬಿಟ್ಟು ಮೊದಲ ಹೆಸರಾಗಿದೆ, ಅದೂ ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ಲೂಯಿಸ್‌ನಲ್ಲಿ ಗೇಲಿಕ್ ಮಾತನಾಡುವ ಮನೆಯಲ್ಲಿ ಹುಟ್ಟಿದ್ದರೆ ಆ ಹುಡುಗಿಯ ಉಪನಾಮ ‘ನಿಕ್ ಕೊಞಿಹ್’ ಎಂದಾಗಿರುತ್ತಿತ್ತು, ಚೆಲುವನ ಮಗಳು.